ಚಪ್ಪಾಳೆಗೆ ಮುಂಚೆ ಹೆಸರು ಕೇಳಿ

ಪ್ರಶ್ನೆ: ನಾವು ಪಿಟ್ಸ್‌ಬರ್ಗ್‌ನಲ್ಲಿ ಇದ್ದೇವೆ. ಮಗಳಿಗೆ 13 ವರ್ಷ. ಅವಳ ಆಸೆಗೆ ಕಟ್ಟುಬಿದ್ದು ಎರಡು ವರ್ಷದಿಂದ ಮಧ್ಯಯುಗದ ಉಡುಗೆ ತೊಟ್ಟು ಎಸ್‌ಸಿಎ ಕೂಟಗಳಿಗೆ ಹೋಗುತ್ತಿದ್ದೇವೆ. ಕಳೆದ ತಿಂಗಳು ಒಂದು ಔತಣದಲ್ಲಿ ನಾಲ್ಕು ಜನ ಮೂಲೆಯಲ್ಲಿ ಕೂತು ಒಂದೂವರೆ ಗಂಟೆ ನುಡಿಸಿದರು. ಎಲ್ಲರೂ ಉಣ್ಣುತ್ತಾ ಮಾತಾಡುತ್ತಲೇ ಇದ್ದರು, ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಸಂಕಟವಾಯಿತು. ಆದರೆ ಅಲ್ಲಿಯ ರೀತಿ ರಿವಾಜು ತಿಳಿಯದೆ ಸುಮ್ಮನಿದ್ದೆ. ಅವರಿಗೆ ದುಡ್ಡು ಕೊಡಬಹುದೇ? ಏನು ಹೇಳಿದರೆ ಸರಿ? ಅಕ್ಟೋಬರ್‌ನಲ್ಲಿ ನಮ್ಮ ಗುಂಪಿನದೇ ಕೂಟವಿದೆ, ಹಾಲ್ ಮತ್ತು ಊಟದ ಏರ್ಪಾಡಿನಲ್ಲಿ ನಾನೂ ಇದ್ದೇನೆ. ಆ ಸಂಗೀತದ ಗಂಧಗಾಳಿಯೂ ಇಲ್ಲದ ನಾನು ಅವರಿಗಾಗಿ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಹೇಳಿದ ಆ ಮೂಲೆಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಕೂರುತ್ತಿದ್ದೇನೆ. ಕೈಯಲ್ಲಿ ರೆಕಾರ್ಡರ್, ಎಂದರೆ ತುದಿಯಿಂದ ಊದುವ ಮರದ ಕೊಳಲು. ಊಟದ ಗದ್ದಲದ ನಡುವೆ ಒಬ್ಬರಿಗಾದರೂ ಹೀಗೆ ಸಂಕಟವಾಗಿತ್ತು ಎಂದು ತಿಳಿಯುವುದೇ ನಮ್ಮಂಥವರಿಗೆ ದೊಡ್ಡ ಸಮಾಧಾನ.

ಈ ಕೂಟಗಳ ಪರಿಚಯ ಇಲ್ಲದ ಓದುಗರಿಗೆ ಎರಡು ಮಾತು. ಎಸ್‌ಸಿಎ, ಎಂದರೆ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ, 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾಯಿತು. ಹದಿನೇಳನೆಯ ಶತಮಾನಕ್ಕಿಂತ ಹಿಂದಿನ ಬದುಕನ್ನು ಕೈಯಾರೆ ಮಾಡಿ ಕಲಿಯಬೇಕೆನ್ನುವವರ ಸಂಘ ಇದು. ಬಟ್ಟೆ ಹೊಲಿಯುತ್ತಾರೆ, ಕತ್ತಿವರಸೆ ಮಾಡುತ್ತಾರೆ, ಹಳೆಯ ಪಾಕದಲ್ಲಿ ಅಡುಗೆ ಮಾಡುತ್ತಾರೆ, ನುಡಿಸುತ್ತಾರೆ, ಕುಣಿಯುತ್ತಾರೆ. ಇದರ ಅತಿ ದೊಡ್ಡ ಜಾತ್ರೆ ಪೆನ್ಸಿಕ್, 1972ರಿಂದ ನಡೆಯುತ್ತಿದೆ. ಈಗ ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಹತ್ತಿರದ ಕೂಪರ್ಸ್ ಲೇಕ್ ಬಯಲಿನಲ್ಲಿ ಎರಡು ವಾರ ಹತ್ತು ಸಾವಿರ ಜನ ಡೇರೆ ಹೊಡೆಯುತ್ತಾರೆ. ಈ ಕೂಟಗಳಲ್ಲಿ ನುಡಿಸುವ ಬಹುಪಾಲು ಮಂದಿಗೆ ಸಂಬಳವಿಲ್ಲ. ವಾರವೆಲ್ಲ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ಮುಂದೆಯೋ ದುಡಿದು, ಶನಿವಾರ ವಾದ್ಯದ ಪೆಟ್ಟಿಗೆಗಳನ್ನು ಕಾರಿಗೆ ತುಂಬಿಕೊಂಡು ಬರುವವರು.

ಮೊದಲು ಚಪ್ಪಾಳೆಯ ವಿಷಯ. ಔತಣದಲ್ಲಿ ಜನ ಮಾತಾಡಿದ್ದು ಅವಮಾನವಲ್ಲ. ನಮ್ಮ ಮದುವೆ ಮನೆಯ ವಾಲಗವನ್ನು ನೆನಪಿಸಿಕೊಳ್ಳಿ. ವಾಲಗದವರು ನುಡಿಸುತ್ತಲೇ ಇರುತ್ತಾರೆ, ಹೆಂಗಸರು ಸೀರೆಯ ಮಾತಾಡುತ್ತಲೇ ಇರುತ್ತಾರೆ, ಮಕ್ಕಳು ಕಂಬದ ಸುತ್ತ ಓಡುತ್ತಲೇ ಇರುತ್ತಾರೆ. ಅದು ಕಚೇರಿಯಲ್ಲ, ಮಂಗಳಕಾರ್ಯದ ಒಂದು ಅಂಗ. ಮಧ್ಯಯುಗದ ಯೂರೋಪಿನ ಔತಣದ ಸಂಗೀತವೂ ಅಂಥದ್ದೇ. ಟಿಕೆಟ್ ಕೊಂಡು ಸಾಲಾಗಿ ಕೂತು ಮೌನವಾಗಿ ಕೇಳುವ ಪದ್ಧತಿ ಬಂದದ್ದು ಬಹಳ ಆಮೇಲೆ. ಹಾಗಾಗಿ ಅಂದು ಪಕ್ಕದವರನ್ನು ‘ಶ್’ ಎಂದು ಸುಮ್ಮನಾಗಿಸದೆ ಇದ್ದದ್ದು ಸರಿಯಾಯಿತು.

ಆದರೆ ವಾಲಗದಲ್ಲಿ ಒಂದು ಗಳಿಗೆ ಇದೆಯಲ್ಲ? ಪುರೋಹಿತರು ಕೈ ಎತ್ತುತ್ತಾರೆ, ‘ಗಟ್ಟಿಮೇಳ ಗಟ್ಟಿಮೇಳ’ ಎನ್ನುತ್ತಾರೆ, ಇಡೀ ಮಂಟಪದ ಕಿವಿ ಅತ್ತ ತಿರುಗುತ್ತದೆ. ನುಡಿಸುವವನಿಗೆ ಆ ಒಂದು ಗಳಿಗೆ ಸಾಕು. ನೀವು ಹೋದ ಔತಣದಲ್ಲಿ ಆಗದೆ ಉಳಿದದ್ದು ಅದು. ಕೊನೆಯ ಬಡಿಸುವಿಕೆಗೆ ಮುಂಚೆ ಯಾರಾದರೂ ಒಬ್ಬರು ಎದ್ದು ಆ ನಾಲ್ವರ ಹೆಸರು ಹೇಳಿ ಬಟ್ಟಲು ಎತ್ತಿದ್ದರೆ ಸಾಕಿತ್ತು, ಹಾಲ್‌ಗೆ ಹಾಲೇ ‘ವಿವಾಟ್!’ ಎಂದು ಕೂಗುತ್ತಿತ್ತು. ಬಾಳಲಿ ಎಂಬ ಅರ್ಥದ ಲ್ಯಾಟಿನ್ ಕೂಗು ಅದು, ಅಲ್ಲಿ ಚಪ್ಪಾಳೆಗಿಂತ ಅದಕ್ಕೇ ಬೆಲೆ. ಹಾಗೆ ಏಳಲು ಪದವಿ ಬಿರುದು ಬೇಕಿಲ್ಲ. ಸಂಕೋಚವಾದರೆ ಎದುರಿನ ಮೇಜಿನ ಹಿರಿಯರೊಬ್ಬರ ಕಿವಿಯಲ್ಲಿ ಹೇಳಿದರೂ ಆದೀತು.

ಹೆಸರು ಎಂದೆ. ಈ ಪತ್ರಕ್ಕೆ ಒಂದೇ ವಾಕ್ಯದ ಉತ್ತರ ಬರೆಯಬೇಕಿದ್ದರೆ ‘ಅವರ ಹೆಸರು ಕೇಳಿ ತಿಳಿದುಕೊಳ್ಳಿ’ ಎಂದಷ್ಟೇ ಬರೆಯುತ್ತಿದ್ದೆ.

1306ರ ಮೇ 22ರಂದು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ತನ್ನ ಮಗನಿಗೂ, ಅವನ ಜೊತೆ ಇನ್ನೂರೈವತ್ತಕ್ಕೂ ಹೆಚ್ಚು ಯುವಕರಿಗೂ ನೈಟ್ ಪದವಿ ಕೊಟ್ಟು ವೆಸ್ಟ್‌ಮಿನ್‌ಸ್ಟರಿನಲ್ಲಿ ದೊಡ್ಡ ಔತಣ ಮಾಡಿದ. ಅಲ್ಲಿಗೆ ಬಂದ ನೂರಕ್ಕೂ ಹೆಚ್ಚು ವಾದ್ಯಗಾರರಿಗೆ, ಆಟಗಾರರಿಗೆ ಯಾರಿಗೆ ಎಷ್ಟು ಕೊಟ್ಟೆವು ಎಂದು ಬರೆದ ಲೆಕ್ಕದ ಸುರುಳಿ ಇವತ್ತಿಗೂ ಉಳಿದಿದೆ. ಹಾರ್ಪ್‌ನವರು, ತುತ್ತೂರಿಯವರು, ಪಿಟೀಲಿನ ಹಿರಿಯಕ್ಕನಂಥ ವಿಯೆಲ್ ನುಡಿಸುವವರು, ತಮಟೆಯವರು ಎಲ್ಲರೂ ಅದರಲ್ಲಿದ್ದಾರೆ. ಮಟಿಲ್ಡಾ ಮೇಕ್‌ಜಾಯ್ ಎಂಬ ಹೆಂಗಸಿನ ಹೆಸರೂ ಇದೆ. ಲಾಗ ಹಾಕಿ ಕುಣಿಯುತ್ತಿದ್ದವಳು, ‘ಖುಷಿ ಕೊಡುವವಳು’ ಎಂದೇ ಅವಳ ಅಡ್ಡಹೆಸರು. ಅಂದು ಅವಳು ಹೇಗೆ ಕುಣಿದಳೋ ನಮಗೆ ಕಾಣದು. ಹಣ ಎಣಿಸಿ ಕೊಟ್ಟ ಗುಮಾಸ್ತ ‘ಒಬ್ಬ ಕುಣಿಯುವವಳು’ ಎಂದು ಬರೆಯದೆ ಹೆಸರು ಕೇಳಿ ಬರೆದ, ಅದರಿಂದಾಗಿ ಏಳುನೂರು ವರ್ಷದ ಮೇಲೂ ಅವಳು ಇದ್ದಾಳೆ. ಈಗಿನ ಕೂಟಗಳಲ್ಲಿ ಕತ್ತಿವರಸೆಯಲ್ಲಿ ಗೆದ್ದವನ ಹೆಸರು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ನುಡಿಸಿದವರು ಮಾತ್ರ ‘ಮ್ಯೂಸಿಕ್‌ನವರು’ ಆಗಿಯೇ ಉಳಿಯುತ್ತಾರೆ.

ಹೆಸರು ಕೇಳಿದ ಮೇಲೆ ಏನು ಮಾತಾಡುವುದು? ಸಂಗೀತ ಗೊತ್ತಿಲ್ಲ ಎಂದು ಹೆದರಬೇಡಿ. ‘ತುಂಬಾ ಚೆನ್ನಾಗಿತ್ತು’ ಎಂಬ ಮಾತು ಒಳ್ಳೆಯದೇ, ಆದರೆ ಕಿವಿಯ ಪಕ್ಕದಲ್ಲೇ ಜಾರಿ ಹೋಗುತ್ತದೆ. ನೀವು ನಿಜವಾಗಿ ಕಂಡದ್ದನ್ನೋ ಕೇಳಿದ್ದನ್ನೋ ಒಂದನ್ನು ಹೇಳಿ. ‘ಎರಡನೆಯ ಹಾಡಿಗೆ ಡೋಲು ನಿಂತು ಬರೀ ಕೊಳಲು ಉಳಿಯಿತಲ್ಲ, ಆಗ ನನ್ನ ಮಗಳು ಊಟ ಬಿಟ್ಟು ನೋಡಿದಳು’ ಎನ್ನಿ. ಅದು ಪಾಂಡಿತ್ಯವಲ್ಲ, ಸಾಕ್ಷಿ. ನಾನು ಮೊದಲ ಸಲ ಹತ್ತು ಜನರ ಮುಂದೆ ನುಡಿಸಿದ ರಾತ್ರಿ ಬೆರಳು ನಡುಗಿ ಮೂರು ಸ್ವರ ನುಂಗಿದ್ದೆ. ಆಮೇಲೆ ಒಬ್ಬ ಮುದುಕ ಬಂದು, ‘ಕುಣಿಯುತ್ತಿದ್ದ ಮಗು ಎಡವಿದಾಗ ನೀನು ಲಯ ತುಸು ಹಿಡಿದೆ, ಅದು ಎದ್ದು ಸಾಲಿಗೆ ಸೇರಿದ ಮೇಲೆ ಬಿಟ್ಟೆ, ನಾನು ನೋಡಿದೆ’ ಎಂದ. ನುಂಗಿದ ಸ್ವರಗಳ ಸುದ್ದಿಯೇ ಎತ್ತಲಿಲ್ಲ. ಮರುದಿನವೇ ಕೊಳಲನ್ನು ಮೂಲೆಗೆ ಸೇರಿಸಲು ಹೊರಟಿದ್ದ ನನ್ನನ್ನು ಆ ಮಾತು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದೆ.

ಏನೂ ತೋಚದಿದ್ದರೆ ವಾದ್ಯದ ಬಗ್ಗೆ ಕೇಳಿ. ಕೈಯಲ್ಲಿ ಹಿಡಿಕೆ ತಿರುಗಿಸಿ ನುಡಿಸುವ ಹರ್ಡಿ-ಗರ್ಡಿ ನೋಡಿರುತ್ತೀರಿ. ಒಳಗೆ ಮರದ ಚಕ್ರ ತಿರುಗುತ್ತಾ ತಂತಿಗಳನ್ನು ಕಮಾನಿನಂತೆ ಉಜ್ಜುತ್ತದೆ. ಹತ್ತಿರ ಹೋಗಿ ನೋಡಿದರೆ, ಚಕ್ರಕ್ಕೆ ತಾಗುವ ಕಡೆ ಪ್ರತಿ ತಂತಿಗೂ ಹತ್ತಿಯ ಎಳೆ ಸುತ್ತಿರುತ್ತದೆ, ದೀಪದ ಬತ್ತಿ ಹೊಸೆದ ಹಾಗೆ. ಆ ಹತ್ತಿ ಒಂದಿಷ್ಟು ಹೆಚ್ಚಾದರೂ ದನಿ ಮಂಕಾಗುತ್ತದೆ, ಕಡಿಮೆಯಾದರೆ ಕಿರುಚುತ್ತದೆ. ನುಡಿಸುವವಳು ಬೆಳಗ್ಗೆ ಅರ್ಧ ಗಂಟೆ ಆ ಹತ್ತಿಯ ಜೊತೆಯೇ ಗುದ್ದಾಡಿರುತ್ತಾಳೆ. ‘ಈ ಹತ್ತಿ ಯಾಕೆ?’ ಎಂದು ಕೇಳಿ ನೋಡಿ, ಅವಳ ಮುಖ ಹೇಗೆ ಅರಳುತ್ತದೆ ಎಂದು. ಇನ್ನು ನೇಕರ್ ಎಂಬ ಪುಟ್ಟ ಜೋಡಿ ಚರ್ಮವಾದ್ಯ ಕಂಡರೆ ಮಾತಿಗೆ ನಿಮ್ಮ ಹತ್ತಿರವೇ ಬಂಡವಾಳವಿದೆ. ಅವರ ನೇಕರ್, ನಮ್ಮ ನಗಾರಿ ಎರಡೂ ಅರಬ್ಬಿಯ ನಕ್ಕಾರಾ ಎಂಬ ಒಂದೇ ಹೆಸರಿನಿಂದ ಬಂದವು. ಪಶ್ಚಿಮಕ್ಕೆ ಅದನ್ನು ಒಯ್ದದ್ದು ಕ್ರುಸೇಡ್ ಎಂಬ ಧರ್ಮಯುದ್ಧಗಳ ಕಾಲದ ಒಡನಾಟ. ಇದನ್ನು ನಾನು ಹೇಳಿದಾಗಲೆಲ್ಲ ನಗಾರಿ ಹೇಗಿರುತ್ತದೆ ತೋರಿಸು ಎಂದು ಹಿಂದೆ ಬಿದ್ದಿದ್ದಾರೆ.

ಈಗ ನನ್ನ ಮನಸ್ಸಿಗೆ ಅತಿ ಹತ್ತಿರದ ಸಂಗತಿಗೆ ಬರುತ್ತೇನೆ. ಅಲ್ಲಿಯ ಸಂಗೀತದ ದೊಡ್ಡ ಪಾಲು ಕುಣಿತಕ್ಕಾಗಿಯೇ ಹುಟ್ಟಿದ್ದು. ಕುಣಿಯುವವರು ಇಲ್ಲದೆ ನುಡಿಸುವುದೆಂದರೆ ಉಣ್ಣುವವರಿಲ್ಲದೆ ಎಲೆ ಹಾಕಿದಂತೆ. ನೀವು ಮಾಡಬಹುದಾದ ಅತಿ ದೊಡ್ಡ ಮರ್ಯಾದೆ ಕುರ್ಚಿ ಬಿಟ್ಟೇಳುವುದು. ನನಗೆ ಬರುವುದಿಲ್ಲ ಎನ್ನಬೇಡಿ, ಬ್ರಾಲ್ ಎಂಬ ವೃತ್ತದ ಕುಣಿತವನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ಕಲಿಯಬಹುದು. ಫ್ರಾನ್ಸಿನ ಲಾಂಗ್ರ್ ಊರಿನ ಪಾದ್ರಿ ಜೆಹಾನ್ ತಾಬುರೊ ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ತ್ವಾನೋ ಆರ್ಬೋ ಎಂದು ಇಟ್ಟುಕೊಂಡು, 1589ರಲ್ಲಿ ಒಂದು ಕುಣಿತದ ಪುಸ್ತಕ ಹೊರತಂದ. ಗುರು ಮತ್ತು ಶಿಷ್ಯನ ಸಂಭಾಷಣೆಯ ರೂಪದಲ್ಲಿದೆ. ಯಾವ ಸ್ವರಕ್ಕೆ ಯಾವ ಹೆಜ್ಜೆ ಎಂದು ಪಕ್ಕದಲ್ಲೇ ಬರೆದಿರುವುದರಿಂದ ಇಂದಿನ ಕೂಟಗಳ ಕುಣಿತಕ್ಕೆ ಅದೇ ಮೂಲಧನ.

ಅದರಲ್ಲಿ ಬಟ್ಟೆ ಒಗೆಯುವ ಹೆಂಗಸರ ಬ್ರಾಲ್ ಎಂದು ಒಂದಿದೆ. ಎಡಕ್ಕೆ ಹೆಜ್ಜೆ, ಬಲಕ್ಕೆ ಹೆಜ್ಜೆ, ಬಳಿಕ ಬೆರಳು ಆಡಿಸುತ್ತಾ ಒಬ್ಬರನ್ನೊಬ್ಬರು ಬೈಯುವ ಅಭಿನಯ, ಆಮೇಲೆ ಹೆಜ್ಜೆಗೆ ಸರಿಯಾಗಿ ಚಪ್ಪಾಳೆ. ಸೇನ್ ನದಿಯ ದಡದಲ್ಲಿ ಬಟ್ಟೆ ಬಡಿಯುವ ಸದ್ದಿನ ಹಾಗೆ ಈ ಚಪ್ಪಾಳೆ ಕೇಳುವುದರಿಂದ ಆ ಹೆಸರು ಎಂದು ಆರ್ಬೋ ಹೇಳುತ್ತಾನೆ. ನಮ್ಮ ಮೇಳ ಇದನ್ನು ನುಡಿಸುವಾಗ ಆ ಚಪ್ಪಾಳೆಯ ಜಾಗಕ್ಕೆ ತಮಟೆಯವಳು ಕೈ ಎತ್ತಿ ಬಿಡುತ್ತಾಳೆ. ಆ ಪೆಟ್ಟನ್ನು ಕುಣಿಯುವವರೇ ಹಾಕಬೇಕು. ಮೂವತ್ತು ಜೋಡಿ ಕೈ ಒಟ್ಟಿಗೆ ಬಿದ್ದಾಗ ಬೆನ್ನುಹುರಿಯಲ್ಲಿ ಝುಂ ಎನ್ನುತ್ತದೆ. ನಿಮ್ಮ ಪತ್ರದಲ್ಲಿದ್ದ ಆ ಇಲ್ಲದ ಚಪ್ಪಾಳೆ ಇಲ್ಲಿ ಹಾಡಿನ ಒಳಗೇ ಇದೆ ನೋಡಿ.

ಧ್ವನಿಮುದ್ರಿಕೆ ಹಾಕಿ ಕುಣಿಯುವುದಕ್ಕೂ ಇದಕ್ಕೂ ಇರುವ ಅಂತರ ಅಲ್ಲೇ ತಿಳಿಯುತ್ತದೆ. ಮುದ್ರಿಕೆ ಯಾರಿಗೂ ಕಾಯುವುದಿಲ್ಲ. ಕೂತು ನುಡಿಸುವ ನಾವು ನಿಮ್ಮ ಕಾಲನ್ನೇ ನೋಡುತ್ತಿರುತ್ತೇವೆ. ಸಾಲಿನ ಕೊನೆಯ ಜೋಡಿ ಇನ್ನೂ ಮುಂದೆ ಬಂದಿಲ್ಲವೆಂದರೆ ಕಣ್ಣಿನಲ್ಲೇ ಮಾತಾಡಿಕೊಂಡು ಇನ್ನೊಂದು ಸುತ್ತು ಎಳೆಯುತ್ತೇವೆ, ಅಜ್ಜಿಯೊಬ್ಬರು ಕುಣಿತಕ್ಕೆ ಸೇರಿದರೆ ಲಯ ಇಳಿಸುತ್ತೇವೆ. ಆದ್ದರಿಂದ ಕುಣಿತ ಹೇಳಿಕೊಡುವವರು ಶುರುವಿಗೆ ಮುಂಚೆ ಮೇಳದತ್ತ ತಿರುಗಿ ‘ಎಷ್ಟು ಸುತ್ತು, ಎಷ್ಟು ಚುರುಕು’ ಎಂದು ಮಾತಾಡಿಕೊಳ್ಳಲಿ. ಮುಗಿದ ಮೇಲೆ ಜೊತೆಗಾರರಿಗೆ ಬಾಗಿದ ಹಾಗೆಯೇ ಎಲ್ಲರೂ ಮೇಳದತ್ತಲೂ ತಿರುಗಿ ಬಾಗಲಿ. ಒಂದು ಕಿವಿಮಾತು: ಕೂತಲ್ಲೇ ತಾಳ ಹಾಕುವ ಆಸೆಯಾದರೆ ತಮಟೆಯನ್ನು ಹಿಂಬಾಲಿಸಿ, ಮುಂದೆ ಓಡಬೇಡಿ. ಇಡೀ ಹಾಲ್‌ನ ಚಪ್ಪಾಳೆ ದೌಡಾಯಿಸಿದರೆ ಮೇಳ ಅದನ್ನು ಹಿಡಿದು ನಿಲ್ಲಿಸಲಾರದು.

ದುಡ್ಡಿನ ಪ್ರಶ್ನೆ. ಎಲ್ಲಿ ನುಡಿಸುತ್ತಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಟಿಕೆಟ್ ಇಟ್ಟು ನಡೆಸುವ ರಿನೈಸಾನ್ಸ್ ಫೇರ್ ಎಂಬ ಹಳೆಯ ಕಾಲದ ವೇಷದ ಜಾತ್ರೆಗಳಲ್ಲಿ, ಜರ್ಮನಿಯ ಮಧ್ಯಯುಗದ ಸಂತೆಗಳಲ್ಲಿ ಟೊಪ್ಪಿಗೆ ಮುಂದೆ ಬಂದರೆ ಧಾರಾಳವಾಗಿ ಹಾಕಿ, ಎಷ್ಟೋ ಜನರಿಗೆ ಅದೇ ಹೊಟ್ಟೆಪಾಡು. ಎಸ್‌ಸಿಎ ಕೂಟದಲ್ಲಿ ನೋಟು ಕೈಗಿಟ್ಟರೆ ಮುಜುಗರಪಟ್ಟುಕೊಳ್ಳುವವರೇ ಹೆಚ್ಚು. ಅಲ್ಲಿಯ ರೂಢಿ ಚಿಕ್ಕ ಕಾಣಿಕೆ: ಗಾಜಿನ ಮಣಿ, ಕೈಯಾರೆ ನೇಯ್ದ ಪಟ್ಟಿ, ಒಂದು ಬಾಟಲಿ ಮನೆಯ ಉಪ್ಪಿನಕಾಯಿ ಆದರೂ ಸರಿ. ಅಂದಿನ ದೊರೆಗಳೂ ಹಣದ ಜೊತೆ ಮೈಮೇಲಿನ ಉಡುಗೆಯನ್ನೇ ಕಳಚಿ ಕೊಡುತ್ತಿದ್ದುದುಂಟು. ನನ್ನ ಕೊಳಲಿನ ಚೀಲದ ದಾರದಲ್ಲಿ ಒಂಬತ್ತು ಮಣಿ ಇವೆ, ಒಂದೊಂದು ಕೊಟ್ಟವರ ಮುಖವೂ ನೆನಪಿದೆ. ಆದರೆ ವೃತ್ತಿಪರ ಮೇಳವನ್ನೇ ನೀವು ಕರೆಸುವುದಾದರೆ ಕಾಣಿಕೆಯ ಮಾತು ಬೇಡ. ಅವರು ಹೇಳಿದ ಸಂಭಾವನೆಯನ್ನು ಹೇಳಿದ ದಿನಕ್ಕೆ ಕೊಡಿ. ‘ಹೆಸರು ಬರುತ್ತದೆ, ಸುಮ್ಮನೆ ನುಡಿಸಿ’ ಎಂದು ಕೇಳುವುದು ತಪ್ಪು.

ರಾತ್ರಿ ಬೆಂಕಿಯ ಸುತ್ತ ಕೂತು ಸರದಿಯಂತೆ ಹಾಡುವ, ಕತೆ ಹೇಳುವ ಬಾರ್ಡಿಕ್ ಸರ್ಕಲ್‌ಗಳಲ್ಲಿ ಮಾತ್ರ ನಿಯಮ ಬೇರೆ. ಅಲ್ಲಿ ಪೂರ್ತಿ ಮೌನವಾಗಿ ಕೇಳಬೇಕು, ಪಲ್ಲವಿ ಬಂದಾಗ ಪೂರ್ತಿ ಗಂಟಲಿನಿಂದ ದನಿಗೂಡಿಸಬೇಕು. ಹಾಡುವವರಿಗೆ ಸಾಲು ಮರೆತರೆ ಕಾಯಬೇಕು. ನಿಮ್ಮ ಸರದಿ ಬಂದಾಗ ನೀವು ಹಾಡದೆ ಬೇರೆಯವರ ಹಾಡನ್ನು ಕೇಳಿ ಪಡೆಯಬಹುದು. ಹೋದ ಸಲ ಕೇಳಿದ ಹಾಡನ್ನು ಹೆಸರಿಟ್ಟು ಮತ್ತೆ ಕೇಳಿದರೆ ಅದಕ್ಕಿಂತ ದೊಡ್ಡ ಬಹುಮಾನ ಹಾಡಿದವರಿಗೆ ಇಲ್ಲ.

ಮನೆಗೆ ಹೋದ ಮೇಲೆ ಮಾಡುವ ಕೆಲಸವೊಂದಿದೆ, ಇದನ್ನು ಮಾಡುವವರು ತೀರಾ ಕಡಿಮೆ. ಎಸ್‌ಸಿಎಯಲ್ಲಿ ಕಲೆ ಕೌಶಲಗಳಿಗೆ ಬಿರುದುಗಳಿವೆ, ಅವುಗಳಲ್ಲಿ ಅತಿ ಎತ್ತರದ್ದು ಆರ್ಡರ್ ಆಫ್ ದ ಲಾರೆಲ್. ಯಾರಿಗೆ ಕೊಡಬೇಕೆಂದು ಸಂಘದಲ್ಲಿ ರಾಜ-ರಾಣಿಯ ಪಟ್ಟದಲ್ಲಿರುವ ಸದಸ್ಯರಿಗೆ ಯಾರು ಬೇಕಾದರೂ ಬರೆಯಬಹುದು, ಹೊಸಬರೂ ಸಹ. ಸುಂದರ ಗೌನ್ ಹೊಲಿದವರು ಕಣ್ಣಿಗೆ ಬೀಳುತ್ತಾರೆ. ಪ್ರತಿ ಕೂಟದಲ್ಲೂ ಕಂಬದ ಹಿಂದೆ ಕೂತು ನುಡಿಸುವವರು ಬೀಳುವುದಿಲ್ಲ. ಆದ್ದರಿಂದ ಬರೆಯಿರಿ: ಇಂಥ ದಿನ, ಇಂಥ ಔತಣ, ಇಂಥವರು ಇಷ್ಟು ಹೊತ್ತು ನುಡಿಸಿದರು, ಇದನ್ನು ನುಡಿಸಿದರು, ಕೇಳಿದವರಿಗೆ ಹೀಗಾಯಿತು. ಹತ್ತು ಸಾಲು ಸಾಕು. ಹೊಗಳಿಕೆ ಕಡಿಮೆಯಿರಲಿ, ವಿವರ ಹೆಚ್ಚಿರಲಿ.

ಇನ್ನು ನಿಮ್ಮ ಅಕ್ಟೋಬರ್ ಕೂಟ. ನಿಮ್ಮ ಕೈಯಲ್ಲಿ ಹಾಲ್ ಮತ್ತು ಊಟ ಇದೆ ಎಂದಿರಿ, ಎಂದರೆ ಮುಕ್ಕಾಲು ಪಾಲು ನಿಮ್ಮ ಕೈಯಲ್ಲೇ ಇದೆ. ಮೊದಲು ಜಾಗ. ಮಧ್ಯಯುಗದವರು ವಾದ್ಯಗಳನ್ನು ಜೋರಿನವು, ಮೆಲುದನಿಯವು ಎಂದು ಎರಡು ಪಂಗಡ ಮಾಡುತ್ತಿದ್ದರು. ಫ್ರೆಂಚಿನಲ್ಲಿ ಓ ಮತ್ತು ಬಾ, ಎತ್ತರ ಮತ್ತು ತಗ್ಗು ಎಂಬ ಪದಗಳೇ. ಶಾಮ್, ತುತ್ತೂರಿ, ಬ್ಯಾಗ್‌ಪೈಪ್, ದೊಡ್ಡ ಚರ್ಮವಾದ್ಯಗಳು ಜೋರಿನವು. ಶಾಮ್ ನಮ್ಮ ನಾಗಸ್ವರದ ಹಾಗೆ ತುದಿಯಲ್ಲಿ ಪೀಪಿ ಇಟ್ಟು ಊದುವ ವಾದ್ಯ, ಅದಕ್ಕೆ ಬಯಲೇ ಬೇಕು. ಮೀಟಿ ನುಡಿಸುವ ದುಂಡು ಹೊಟ್ಟೆಯ ತಂತಿವಾದ್ಯ ಲೂಟ್, ಹಾರ್ಪ್, ವಿಯೆಲ್, ರೆಕಾರ್ಡರ್ ಮೆಲುದನಿಯವು, ಅವುಗಳಿಗೆ ಗೋಡೆ ಬೇಕು. ಆರುನೂರು ವರ್ಷ ಹಳೆಯ ಈ ಬುದ್ಧಿವಂತಿಕೆಯನ್ನು ಬಿಟ್ಟು ಲೂಟ್‌ನವರನ್ನು ಅಡುಗೆಮನೆಯ ಬಾಗಿಲ ಪಕ್ಕ ಕೂರಿಸಿದರೆ ಪಾತ್ರೆಯ ಸದ್ದಿನಲ್ಲಿ ಅವರಿಗೇ ಅವರ ದನಿ ಕೇಳದು. ಜನ ಹೆಚ್ಚು ಮಾತಾಡದ ಬದಿಯಲ್ಲಿ, ಗೋಡೆಗೆ ಬೆನ್ನು ಬರುವ ಹಾಗೆ ಕೂರಿಸಿ.

ಕೈ ಇಲ್ಲದ ಕುರ್ಚಿ ಕೊಡಿ. ಇದು ಚಿಕ್ಕದೆನಿಸಬಹುದು, ಆದರೆ ಕುರ್ಚಿಯ ಕೈ ಕಮಾನಿಗೆ ತಾಗುತ್ತದೆ, ಲೂಟ್‌ನ ಹೊಟ್ಟೆಗೆ ತಾಗುತ್ತದೆ. ಬೆಳಕು ಕೊಡಿ. ಮೇಣದ ಬತ್ತಿಯಲ್ಲಿ ಹಾಲ್ ಚೆಂದ ಕಾಣುತ್ತದೆ, ಸ್ವರದ ಹಾಳೆ ಕಾಣುವುದಿಲ್ಲ. ಪೆನ್ಸಿಕ್‌ನ ಒಂದು ರಾತ್ರಿ ಗಾಳಿಗೆ ನಮ್ಮ ಹಾಳೆಗಳು ಹಾರುತ್ತಿದ್ದವು. ಯಾರೋ ಬಟ್ಟೆಯ ಕ್ಲಿಪ್ ನಾಲ್ಕು ತಂದು ಸಿಕ್ಕಿಸಿ, ಒಂದು ಲಾಂದ್ರ ಹಿಡಿದು ಮುಕ್ಕಾಲು ಗಂಟೆ ನಮ್ಮ ಹೆಗಲ ಹಿಂದೆ ನಿಂತಿದ್ದರು. ಹಾಳೆಯ ಮೇಲೆ ಕೂತ ಪತಂಗಗಳನ್ನು ಊದಿ ಓಡಿಸುತ್ತಾ ನುಡಿಸಿದೆವು. ಅಂದಿನ ಚಪ್ಪಾಳೆ ನೆನಪಿಲ್ಲ, ಆ ಲಾಂದ್ರ ನೆನಪಿದೆ.

ಅಕ್ಟೋಬರ್ ಅಂದರೆ ನಿಮ್ಮಲ್ಲಿ ಚಳಿ. ತಣ್ಣನೆಯ ಕೊಳಲಿಗೆ ಬಿಸಿ ಉಸಿರು ಹೋದರೆ ಒಳಗೆ ನೀರು ಕಟ್ಟಿ ದನಿ ಉಸಿರುಗಟ್ಟುತ್ತದೆ. ಅದಕ್ಕೇ ನಾವು ಕೊಳಲಿನ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುವುದು. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ವಾದ್ಯಗಳಂತೂ ಹೊರಗಿನಿಂದ ಒಳಗೆ ಬಂದ ಕೂಡಲೇ ಶ್ರುತಿ ಬಿಡುತ್ತವೆ. ಬೆಚ್ಚಗಿನ ಕೋಣೆಯೊಂದನ್ನು ಅರ್ಧ ಗಂಟೆ ಮುಂಚೆ ಬಿಟ್ಟುಕೊಡಿ. ಅವರು ಶ್ರುತಿ ಮಾಡಿಕೊಳ್ಳುವಾಗ ಯಾರೂ ‘ಇನ್ನೂ ಎಷ್ಟು ಹೊತ್ತು’ ಎಂದು ಕೇಳದಂತೆ ನೋಡಿಕೊಳ್ಳಿ.

ಊಟದ ಮಾತು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅತಿ ಹೆಚ್ಚು ಮರೆಯುವುದು ಇದನ್ನೇ. ನಮ್ಮಲ್ಲಿ ವಾಲಗದವರು ಕೊನೆಯ ಪಂಕ್ತಿಗೆ ಕೂತಾಗ ಪಾಯಸ ಮುಗಿದಿರುತ್ತದೆ. ಸಾಗರದ ಆಚೆಯೂ ಕತೆ ಅದೇ. ಒಂದು ಕೂಟದಲ್ಲಿ ನಾವು ಆರು ಜನ ಎರಡು ಗಂಟೆ ನುಡಿಸಿ ಎದ್ದಾಗ ಉಳಿದದ್ದು ಬ್ರೆಡ್ಡಿನ ತುದಿಗಳು. ಊಟದ ಹಣವನ್ನು ಮುಂಗಡ ಕಟ್ಟಿಯೇ ಬಂದಿದ್ದೆವು. ಕೇಳಿದ್ದಕ್ಕೆ ‘ನೀವೂ ಉಣ್ಣುತ್ತೀರಿ ಎಂದು ಹೊಳೆಯಲಿಲ್ಲ’ ಎಂದರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಆದರೆ ಆ ವಾಕ್ಯ ಇನ್ನೂ ಚುಚ್ಚುತ್ತದೆ. ಮೊದಲ ಬಡಿಸುವಿಕೆಯಲ್ಲೇ ಅವರ ಪಾಲನ್ನು ತೆಗೆದು ಮುಚ್ಚಿಡಿ, ಇಲ್ಲವೇ ಒಂದು ಗಂಟೆ ಮುಂಚೆ ಅವರಿಗೆ ಬಡಿಸಿಬಿಡಿ. ಊದುವವರಲ್ಲಿ ಹಲವರು ಹೊಟ್ಟೆ ತುಂಬ ಉಂಡು ನುಡಿಸಲಾರರು, ಹಾಗಾಗಿ ಯಾವುದು ಅನುಕೂಲ ಎಂದು ಕೇಳಿ. ಕೈಗೆಟುಕುವಲ್ಲಿ ನೀರಿಡಿ. ಸ್ವಂತ ಖರ್ಚಿನಲ್ಲಿ ಬಂದವರಿಗೆ ಪ್ರವೇಶದ ಹಣ ಬಿಟ್ಟುಕೊಡಲು ನಿಮ್ಮ ಗುಂಪಿನ ಸಭೆಯಲ್ಲಿ ಈಗಲೇ ಮಾತೆತ್ತಿ. ಕಾರ್ಯಕ್ರಮದ ಹಾಳೆಯಲ್ಲಿ ಅಡುಗೆಯ ಪಟ್ಟಿಯ ಪಕ್ಕದಲ್ಲೇ ನುಡಿಸುವವರ ಹೆಸರುಗಳನ್ನೂ ಹಾಕಿಸಿ.

ಬೇಡದ್ದು ಎರಡೇ. ‘ಆ ಕಾಲದಲ್ಲಿ ಈ ವಾದ್ಯ ಇರಲಿಲ್ಲ’ ಎಂದು ಹೊಸಬರ ಪ್ಲಾಸ್ಟಿಕ್ ಕೊಳಲನ್ನು ಯಾರಾದರೂ ಆಡಿಕೊಂಡರೆ, ಪಕ್ಕದಲ್ಲಿರುವ ನೀವು ಸುಮ್ಮನಿರಬೇಡಿ. ಆ ಒಂದು ಮಾತಿಗೆ ವಾದ್ಯ ಕೆಳಗಿಟ್ಟವರು ಮತ್ತೆ ಎತ್ತಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಇನ್ನೊಂದು, ಕೇಳದೆ ಫೋನ್ ಎತ್ತಿ ವಿಡಿಯೋ ಹಿಡಿಯುವುದು. ಕೇಳಿ, ಒಪ್ಪಿದರೆ ಹಿಡಿಯಿರಿ, ಹಾಕುವಾಗ ಹೆಸರು ಸೇರಿಸಿ.

ಕೊನೆಗೆ ನಿಮ್ಮ ಮಗಳು. ಊಟ ಬಿಟ್ಟು ನೋಡುವ ವಯಸ್ಸು ಅವಳದು. ಪವಾನ್ ಎಂಬ ಗಂಭೀರ ನಡಿಗೆಯ ಕುಣಿತವೊಂದನ್ನು ಆರ್ಬೋ ನಾಲ್ಕು ದನಿಗಳಲ್ಲಿ ಬರೆದಿದ್ದಾನೆ, ಎಲ್ಲ ಮೇಳಗಳಿಗೂ ಅದು ಬರುತ್ತದೆ. ಅದರ ಕೆಳಗೆ ತಮಟೆಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಪೆಟ್ಟು: ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ಮನೆಯ ಊಟದ ಮೇಜಿನ ಮೇಲೆ ಒಂದು ವಾರ ಕೈಯಲ್ಲಿ ಬಾರಿಸಿ ಅಭ್ಯಾಸ ಮಾಡಲಿ, ಓಡದೆ ನಿಲ್ಲುವುದೇ ಅದರಲ್ಲಿ ಕಷ್ಟ. ಆಮೇಲೆ ಆ ನಾಲ್ವರಲ್ಲಿ ತಮಟೆಯವರು ಯಾರೆಂದು ನೋಡಿ, ಹೆಸರು ಕೇಳಿಕೊಂಡು, ಅಕ್ಟೋಬರ್‌ನಲ್ಲಿ ಪವಾನ್ ನುಡಿಸುವಾಗ ಇವಳು ಪಕ್ಕದಲ್ಲಿ ಕೂರಬಹುದೇ ಎಂದು ವಿಚಾರಿಸಿ. ನನಗೆ ಗೊತ್ತಿರುವ ಮೇಳದವರೆಲ್ಲ ಇಂಥ ಮಾತಿಗೆ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಡುವವರೇ.